ನಕಲು ಮಾಡಿದ ನೆಮ್ಮದಿ

ಮನಸ್ಸು ಗಟ್ಟಿಮಾಡಿಕೊಳ್ಳುವುದು ಹೇಗೆಂದು ನಮಗೆ ಕಲಿಸಲು ತುಮಕೂರಿನಿಂದ ತರಬೇತುದಾರನೊಬ್ಬ ಬಂದಿದ್ದ. ಮಧುಗಿರಿಯ ಆ ಸಭಾಂಗಣದಲ್ಲಿ ಫ್ಯಾನು ತಿರುಗುತ್ತಿರಲಿಲ್ಲ, ಆದರೂ ಮಹಾನುಭಾವ ಕೋಟು ಬಿಚ್ಚಲಿಲ್ಲ. ಪರದೆಯ ಮೇಲೆ ಮೆದುಳಿನ ಚಿತ್ರ ಹಾಕಿ, ಅದರೊಳಗೆ ಬಾದಾಮಿಯಷ್ಟು ದೊಡ್ಡ ಭಾಗವೊಂದಿದೆ, ಭಯದ ಗಂಟೆ ಬಾರಿಸುವುದು ಅದೇ, ದಿನಾ ಒಂದು ಚಿಕ್ಕ ಅಭ್ಯಾಸ ಇಟ್ಟುಕೊಂಡರೆ ಮೆದುಳಿನಲ್ಲಿ ಹೊಸ ದಾರಿ ಬೀಳುತ್ತದೆ ಎಂದ. ಇಪ್ಪತ್ತು ವರ್ಷದಿಂದ ಹತ್ತನೇ ತರಗತಿಗೆ ಮೆದುಳಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಲು ಹೇಳಿಕೊಡುವ ವಿಜ್ಞಾನದ ಟೀಚರ್ ನಾನು. ಅವನು ಮುಮ್ಮೆದುಳು ಎಂದು ಕೋಲಿಟ್ಟು ತೋರಿಸಿದ್ದು ಹಿಮ್ಮೆದುಳನ್ನು. ಅಲ್ಲಿಂದ ಮುಂದೆ ನಾನು ಅವನ ಮಾತು ಕೇಳಲಿಲ್ಲ.

ಕೊನೆಗೊಂದು ಅಪ್ಪಣೆಯೂ ಆಯಿತು. ಪ್ರತಿ ಶಿಕ್ಷಕರೂ ದಿನಕ್ಕೊಂದು ಸಾಲು ಡೈರಿ ಬರೆಯಬೇಕು, ಅವತ್ತು ತಮ್ಮಿಂದ ಆದ ಒಂದು ಸಣ್ಣ ಒಳ್ಳೆಯ ಕೆಲಸ ಯಾವುದೆಂದು. ತಿಂಗಳಿಗೊಮ್ಮೆ ಶಿಕ್ಷಣಾಧಿಕಾರಿ ಸಾಹೇಬರು ನೋಡುತ್ತಾರೆ.

ಸಾಹೇಬರು ನೋಡುವ ಯಾವುದನ್ನೇ ಆಗಲಿ ನಮ್ಮ ಸ್ಟಾಫ್ ರೂಮು ಹೇಗೆ ಮುಗಿಸುತ್ತದೆ ಎನ್ನುವುದು ಸರ್ಕಾರಿ ಶಾಲೆಯಲ್ಲಿ ಒಂದು ವರ್ಷ ಕೂತವರಿಗೂ ಗೊತ್ತು. ಅಕ್ಷರ ದುಂಡಗಿರುವ ಒಬ್ಬರು ಬರೆಯುತ್ತಾರೆ, ಉಳಿದವರು ಶನಿವಾರ ಕೂತು ಇಳಿಸಿಕೊಳ್ಳುತ್ತಾರೆ. ಪಾಠ ಯೋಜನೆಯನ್ನು ಹಾಗೇ ಬರೆದುಕೊಂಡು ಬಂದವರು ನಾವು. ಕಣ್ಣಿನಿಂದ ಕೈಗೆ ನೇರ ದಾರಿ, ನಡುವೆ ಮೆದುಳಿಗೆ ತೊಂದರೆಯನ್ನೇ ಕೊಡುವುದಿಲ್ಲ.

ದುಂಡಗಿನ ಅಕ್ಷರ ನನ್ನ ಪಕ್ಕದ ಟೇಬಲ್ಲಿನವಳದ್ದು. ಪಾವಗಡದ ವಳ್ಳೂರಿನ ಕಡೆಯ ಹುಡುಗಿ, ಕನ್ನಡದ ಟೀಚರ್. ಆ ಜೂನ್‌ನಲ್ಲಿ ವರ್ಗವಾಗಿ ಬಂದು, ಮಧುಗಿರಿಯಲ್ಲಿ ರೂಮು ಮಾಡಿಕೊಂಡು ಹಳ್ಳಿಯಲ್ಲಿದ್ದ ನಮ್ಮ ಶಾಲೆಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಯಾರೊಂದಿಗೂ ಮಾತಿಲ್ಲ. ಜಂಬ ಎಂದು ನಾವು ತೀರ್ಮಾನಿಸಿದ್ದೆವು.

"ಆಯಮ್ಮನ ಬಾಯಿಗೇನ್ ಬೀಗ ಹಾಕವ್ರಾ ಮೇಡಂ?" ಎಂದು ಕಳ್ಳಂಬೆಳ್ಳದ ಕಡೆಯ ಪಿ.ಟಿ. ಮೇಷ್ಟ್ರು ಅವಳಿಗೆ ಕೇಳುವಂತೆಯೇ ನನ್ನನ್ನು ಕೇಳಿದರು. ನಾನು ನಕ್ಕೆ.

ಪ್ರತಿ ಶನಿವಾರ ಅವಳ ಡೈರಿ ಇಸಕೊಂಡು ನಾನು ನಕಲು ಮಾಡುತ್ತಿದ್ದೆ. ನನ್ನದನ್ನು ನೋಡಿ ಪಿ.ಟಿ. ಮೇಷ್ಟ್ರು, ಅವರದನ್ನು ನೋಡಿ ಉಳಿದವರು. ಕೊರಟಗೆರೆಯ ಬಸ್ಸು ತಪ್ಪಬಾರದಲ್ಲ, ಗಡಿಬಿಡಿಯಲ್ಲೇ ಮುಗಿಸುತ್ತಿದ್ದೆ.

ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಅವಳು ಮೈಕಿನ ಕಂಬ ಹಿಡಿದು ನಿಂತವಳು ನಡುಗತೊಡಗಿದಳು. ಉಸಿರು ಸಿಗದೆ ಹಾಗೇ ಕುಸಿದು ಕೂತಳು. ಇಡೀ ಶಾಲೆ ನೋಡುತ್ತಿತ್ತು.

"ನಾಟ್ಕ ಕಣ್ರೀ, ರಜಾ ಬೇಕಂತ," ಎಂದರು ಪಿ.ಟಿ. ಮೇಷ್ಟ್ರು. ನಾನು ಅಲ್ಲ ಅನ್ನಲಿಲ್ಲ. ಮಾರನೆಯ ದಿನದಿಂದ ಅವಳು ರಜೆ ಹಾಕಿ ಊರಿಗೆ ಹೋದಳು. ಕೆಲಸವನ್ನೇ ಬಿಡುತ್ತಾಳಂತೆ ಎಂಬ ಸುದ್ದಿಯೂ ಬಂತು.

ಅದೇ ವಾರ ಡೈರಿಗಳು ವಾಪಸ್ ಬಂದವು. ಹನ್ನೊಂದು ಡೈರಿಗೂ ಕೆಂಪು ಶಾಯಿಯ ರೈಟು, ಕೆಳಗೆ "ಉತ್ತಮ". ನಕಲು ಮಾಡಲು ಇನ್ನು ಅವಳಿಲ್ಲ, ನಾನೇ ಏನಾದರೂ ಹೊಸೆಯಬೇಕು. ಹಿಂದೆ ಎಂಥದ್ದೆಲ್ಲ ಬರೆದಿದ್ದೇವೆ ನೋಡೋಣ ಎಂದು ನನ್ನ ಡೈರಿಯನ್ನು ನಾನು ಮೊದಲ ಸಲ ಓದಿದೆ.

"ಇವತ್ತು ಬಸ್ಸಿನಲ್ಲಿ ಎದೆ ಹೊಡೆದುಕೊಂಡಿತು, ಆದರೂ ನಡುವೆ ಇಳಿಯಲಿಲ್ಲ." ಬೈಕಿನಲ್ಲಿ ಓಡಾಡುವ ಪಿ.ಟಿ. ಮೇಷ್ಟ್ರೂ ಇದನ್ನು ಬರೆದಿದ್ದರು. ಸಾಹೇಬರು ಅದಕ್ಕೂ ರೈಟು ಹಾಕಿದ್ದರು. "ಇವತ್ತು ಗೇಟಿನ ಹತ್ತಿರ ನಿಂತು ಹತ್ತು ಸಲ ನಿಧಾನ ಉಸಿರು ಬಿಟ್ಟು ಒಳಗೆ ಬಂದೆ." "ಇವತ್ತು ಅರ್ಧ ಮುದ್ದೆ ಉಂಡೆ." ಆಮೇಲೆ ಒಂದು ಶನಿವಾರದ ಸಾಲು: "ಇವತ್ತು ಪಕ್ಕದ ಟೇಬಲ್ಲಿನವರು ತಾವಾಗಿಯೇ ಮಾತಾಡಿಸಿದರು."

ಪಕ್ಕದ ಟೇಬಲ್ಲಿನವಳು ನಾನು. ಅವತ್ತು ನಾನು ಆಡಿದ ಮಾತು, "ಡೈರಿ ಕೊಡಿ ಮೇಡಂ, ಬೇಗ." ಅಷ್ಟೇ. ನಾವೆಲ್ಲ ಉಗಿದು ಎದ್ದುಬಂದ ಆ ಕೋಟಿನವನ ಮಾತನ್ನು ಅವಳೊಬ್ಬಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮುಮ್ಮೆದುಳು ಎಲ್ಲಿದೆ ಎಂದು ಗೊತ್ತಿದ್ದ ನಾನು ಅವಳ ಒಂದೊಂದು ದಿನದ ಹೆಣಗಾಟವನ್ನೂ ನನ್ನ ಕೈಯಾರೆ ಬರೆದು ಸಹಿ ಹಾಕಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಭಾನುವಾರ ಪಾವಗಡದ ಬಸ್ಸು ಹತ್ತಿದೆ. ಅಲ್ಲಿಂದ ಆಟೋ. ದಾರಿಯ ಎರಡೂ ಕಡೆ ಸೋಲಾರ್ ಹಲಗೆಗಳು ಮುಗಿಯುವ ಹೊತ್ತಿಗೆ ಅವಳ ಮನೆ ಸಿಕ್ಕಿತು. ನಾನು ಯಾರೆಂದು ಹೇಳುತ್ತಲೇ ಜಗಲಿಯ ಮೇಲಿದ್ದ ಅವಳಮ್ಮ ತೆಲುಗು ಬೆರೆಸಿ, "ರಾಮ್ಮ, ಬಾ, ಕೂಕಾ. ನಮ್ಮುಡ್ಗಿ ಯಾವಾಗ್ಲೂ ನಿಮ್ದೇ ಮಾತು ಏಳ್ತಿರ್ತಾಳೆ," ಎಂದರು. ನಾನು ಚಪ್ಪಲಿ ಬಿಟ್ಟು ಕೂತೆ.

ಅವಳು ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು.

"ನೀವೊಬ್ರಾದ್ರೂ ಓದ್ತಿದ್ರಲ್ಲ ಅಕ್ಕ, ವಾರ ವಾರ ಇಸ್ಕೊಂಡು. ಅದ್ಕೇ ಬಿಡ್ದಂಗೆ ಬರೀತಿದ್ದೆ. ಇಲ್ದಿದ್ರೆ ಮೊದಲ್ನೇ ವಾರಕ್ಕೇ ನಿಲ್ಸಿಬುಡ್ತಿದ್ದೆ."

"ಹೂಂ, ಓದ್ತಿದ್ದೆ," ಎಂದೆ. ಸುಳ್ಳು ಸಲೀಸಾಗಿ ಬಂತು. ಕೋಟಿನವನು ಹೇಳಿದ ಆ ಹೊಸ ದಾರಿ ನನ್ನ ಮೆದುಳಿನಲ್ಲಿ ಎಂದೋ ಬಿದ್ದಿತ್ತು, ಬೇರೆ ಕಡೆಗೆ.

ಅವಳು ಒಳಗೆ ಹೋಗಿ ಒಂದು ಹೊಸ ನೋಟ್‌ಬುಕ್ಕು ತಂದಳು. ನಡುವೆ ಮಡಿಚಿದ ಹಾಳೆಯೊಂದಿತ್ತು.

"ರಾಜೀನಾಮೆ ಬರ್ದಿಟ್ಟಿವ್ನಿ. ಇಲ್ಲಿಗೆ ಬಂದ್ಮೇಲೂ ದಿನಾ ಒಂದೊಂದ್ ಸಾಲು ಬರ್ದಿವ್ನಿ. ಇದ್ನ ಓದಿ ನೀವೇ ಏಳಿ ಅಕ್ಕ, ಆ ಕಾಗ್ದ ಕೊಡ್ಲಾ, ಬ್ಯಾಡ್ವಾ?"

ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡೆ. ನನ್ನ ಬಲಗೈ ತಾನಾಗಿಯೇ ಬ್ಯಾಗಿನೊಳಗೆ ಹೋಗಿ ಪೆನ್ನು ಹುಡುಕುತ್ತಿತ್ತು. ಕೈಯನ್ನು ಖಾಲಿಯಾಗಿಯೇ ಹೊರಗೆಳೆದು, ಮೊದಲ ಪುಟದಿಂದ ಓದಲು ಕೂತೆ.