ಮೂರು ತಾಸು ಮಲಗಿಸಿಡಬೇಕು

ಚೇಳಿನ ವಿಷದ ಮೇಲೆ ಸಂಶೋಧನೆ ಮಾಡುತ್ತೇನೆ ಎಂದರೆ ಜನ ನನ್ನ ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯಿದೆ, ಅದರಲ್ಲಿ ಚೇಳು ಸಾಕಿದ್ದೇನೆ ಎಂದುಕೊಳ್ಳುತ್ತಿದ್ದರು. ನಮ್ಮಮ್ಮನಂತೂ ನಾನು ಸಂಜೆ ಮನೆಗೆ ಬಂದರೆ ಚೀಲವನ್ನು ಬಾಗಿಲ ಹೊರಗೆ ಝಾಡಿಸಿಯೇ ಒಳಗೆ ಬಿಡುತ್ತಿದ್ದಳು. ಆ ಎರಡು ವರ್ಷಗಳಲ್ಲಿ ನಾನು ನೋಡಿದ ಚೇಳುಗಳೆಲ್ಲ ಸತ್ತವೇ. ಚಪ್ಪಲಿಯಲ್ಲಿ ಜಜ್ಜಿ, ಹಾಲಿನ ಖಾಲಿ ಚೀಲದಲ್ಲಿ ಕಟ್ಟಿ, "ಇದ ನೋಡ್ರಿ ಕಡದದ್ದು" ಎಂದು ರೋಗಿಯ ಜೊತೆಗೇ ತರುತ್ತಿದ್ದರು. ನನ್ನ ಸಂಶೋಧನೆಯೆಂದರೆ ಒಂದು ಮಾತ್ರೆ, ಒಂದು ಗಡಿಯಾರ, ರಕ್ತದೊತ್ತಡ ನೋಡುವ ಯಂತ್ರ ಮತ್ತು ನಾಲ್ಕು ಪುಟದ ಒಂದು ಫಾರ್ಮು. ಇದರಲ್ಲಿ ಯಾರಿಗೂ ಸ್ವಾರಸ್ಯವಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮಪ್ಪ ಇಂಡಿ ತಾಲೂಕಿನ ಕಡೆಯಿಂದ ಬಂದು ಪುಣೆ ಕ್ಯಾಂಪಿನ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದವರು. ನಾನು ಅಲ್ಲೇ ಹುಟ್ಟಿ, ಮರಾಠಿ ಶಾಲೆಯಲ್ಲಿ ಓದಿ, ಡಾಕ್ಟರಾಗಿ, ಹಡಪಸರದ ಆಚೆಗಿನ ಒಂದು ಆಸ್ಪತ್ರೆಯಲ್ಲಿ ಈ ಕೆಲಸಕ್ಕೆ ಸೇರಿದ್ದೆ. ಆಗ ಆ ಭಾಗದಲ್ಲಿ ಎಲ್ಲಿ ನೋಡಿದರೂ ನೆಲ ಅಗೆಯುತ್ತಿದ್ದರು. ಗುಲ್ಬರ್ಗಾ, ಯಾದಗಿರಿ ಕಡೆಯ ನಮ್ಮ ಜನ ಅಲ್ಲಿ ಕಲ್ಲು ಎತ್ತುತ್ತಿದ್ದರು, ಇಟ್ಟಿಗೆ ಹೊರುತ್ತಿದ್ದರು, ತಗಡಿನ ಪತ್ರಾಸಿನ ಶೆಡ್ಡುಗಳಲ್ಲಿ ಇರುತ್ತಿದ್ದರು. ಕಲ್ಲಿನ ಸಂದಿಯಲ್ಲಿ, ಕಟ್ಟಿಗೆಯ ರಾಶಿಯಲ್ಲಿ ಕೆಂಪು ಚೇಳು ಇರುತ್ತಿದ್ದವು. ದೊಡ್ಡವರಿಗೆ ಕಡಿದರೆ ಬಹುಮಟ್ಟಿಗೆ ನೋವಿನಲ್ಲಿ ಮುಗಿಯುತ್ತಿತ್ತು. ಮಕ್ಕಳಿಗೆ ಕಡಿದರೆ ಹಾಗಲ್ಲ.

ಆ ವಿಷ ಮೈಯ ರಕ್ತನಾಳಗಳನ್ನೆಲ್ಲ ಬಿಗಿಯುತ್ತದೆ. ಕೈಕಾಲು ತಣ್ಣಗಾಗಿ ಮೈಯೆಲ್ಲ ಬೆವರುತ್ತದೆ. ಬಿಗಿದ ನಾಳಗಳಿಗೆ ರಕ್ತ ನೂಕಿ ನೂಕಿ ಹೃದಯ ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿ ಬಾಯಲ್ಲಿ ಕೆಂಪು ನೊರೆ ಬರುತ್ತದೆ. ನಾವು ಕೊಡುತ್ತಿದ್ದ ಪ್ರಾಜೋಸಿನ್ ಅಸಲಿಗೆ ರಕ್ತದೊತ್ತಡದವರ ಮಾತ್ರೆ. ಬಿಗಿದ ನಾಳಗಳನ್ನು ಅದು ಸಡಿಲಿಸುತ್ತದೆ. ಅದೊಂದನ್ನೇ ಕೊಟ್ಟರೆ ಸಾಕೇ, ಜೊತೆಗೆ ವಿಷನಿರೋಧಕ ಚುಚ್ಚುಮದ್ದೂ ಕೊಟ್ಟರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆಯೇ ಎಂಬುದು ನಮ್ಮ ಪ್ರಶ್ನೆ. ಯಾರಿಗೆ ಯಾವುದು ಎಂಬುದನ್ನು ಮುಚ್ಚಿದ ಲಕೋಟೆ ನಿರ್ಧರಿಸುತ್ತಿತ್ತು. ಮಾತ್ರೆಗೆ ಒಂದು ಕಟ್ಟುನಿಟ್ಟಿತ್ತು. ಮೊದಲ ಸಲ ಕೊಟ್ಟಮೇಲೆ ಮೂರು ತಾಸು ರೋಗಿಯನ್ನು ಮಲಗಿಸಿಯೇ ಇಡಬೇಕು. ಎಬ್ಬಿಸಿ ಕೂರಿಸಿದರೆ, ಮಗುವನ್ನು ಎತ್ತಿಕೊಂಡರೆ, ಸಡಿಲಾದ ನಾಳಗಳಲ್ಲಿ ರಕ್ತ ಕಾಲಿನ ಕಡೆಗೆ ಇಳಿದು ಒತ್ತಡ ಒಮ್ಮೆಲೇ ಕುಸಿಯುತ್ತದೆ.

ಆ ಹುಡುಗಿಗೆ ಆರೋ ಏಳೋ ವರ್ಷ. ಬೆಳಿಗ್ಗೆ ಒಲೆಗೆಂದು ಕಟ್ಟಿಗೆ ಎಳೆಯುವಾಗ ಬೆರಳಿಗೆ ಕಡಿದಿತ್ತು. ಮೊದಲು ಮಂತ್ರ ಹಾಕುವವನ ಹತ್ತಿರ ಹೋಗಿ, ಅಲ್ಲಿ ಎರಡು ತಾಸು ಕಳೆದು, ಮಧ್ಯಾಹ್ನದ ಹೊತ್ತಿಗೆ ಅವಳವ್ವ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ಹುಡುಗಿಯ ಲಂಗ ಬೆವರಿನಲ್ಲಿ ತೊಯ್ದಿತ್ತು. ಪಾದ ಮುಟ್ಟಿದರೆ ನೀರು ತುಂಬಿದ ಮಣ್ಣಿನ ಹರವಿ ಮುಟ್ಟಿದ ಹಾಗೆ ತಣ್ಣಗಿತ್ತು. ಸಣ್ಣ ಕೆಮ್ಮು ಶುರುವಾಗಿತ್ತು. ಆದರೂ ಎಚ್ಚರವಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಇಂಥವರು ಆ ಮಾತ್ರೆಯಿಂದ ಉಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಈಕೆಯೂ ಉಳಿಯುತ್ತಾಳೆ ಎಂದೇ ಎಣಿಸಿದೆ.

ಲಕೋಟೆ ಒಡೆದೆ. ಮಾತ್ರೆಯೊಂದೇ ಎಂದಿತ್ತು. ಅರೆದು ನೀರಲ್ಲಿ ಕಲಸಿ ಕುಡಿಸಿದೆ. "ಮಲಗಿಸೇ ಇಡ್ರಿ, ಎಬ್ಬಿಸಬ್ಯಾಡ್ರಿ" ಎಂದು ತಾಯಿಗೆ ಹೇಳಿದೆ. ಅವಳು ತಲೆಯಾಡಿಸಿದಳು. ಆಮೇಲೆ ಕೇಸ್ ಪೇಪರ್ ಮಾಡಿಸಿಕೊಂಡು ಬಾ ಎಂದು ಅವಳನ್ನು ಕೆಳಗಿನ ಕೌಂಟರಿಗೆ ನಾನೇ ಕಳಿಸಿದೆ. ಅವಳು ಹೋದ ಸ್ವಲ್ಪ ಹೊತ್ತಿಗೆ ಹುಡುಗಿಯ ಅಜ್ಜಿ, ಅಪ್ಪನ ತಾಯಿ, ಕೆಲಸದ ಜಾಗದಿಂದ ಓಡುತ್ತ ಬಂದಳು. ಕೈಮೇಲೆಲ್ಲ ಸಿಮೆಂಟು. ನನ್ನನ್ನು ನೋಡಿ ಕೈಮುಗಿದಳು. "ಔಷಧ ಕೊಟ್ಟೀನಿ ಆಯಿ, ಅಂಜಬ್ಯಾಡ್ರಿ" ಎಂದೆ. ಅಷ್ಟೇ ಹೇಳಿ ವಾರ್ಡಿನ ಇನ್ನೊಂದು ತುದಿಯ ಮೇಜಿಗೆ ಹೋಗಿ ಫಾರ್ಮು ತುಂಬಲು ಕೂತೆ.

ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗೂ ಇಲ್ಲ. ನಮ್ಮ ಕಡೆ ವಿಷದ ಹುಳ ಕಡಿದವರನ್ನು ಮಲಗಲು ಬಿಡುವುದಿಲ್ಲ. ಮಲಗಿದರೆ ವಿಷ ಏರುತ್ತದೆ ಎನ್ನುತ್ತಾರೆ. ನಮ್ಮಪ್ಪನಿಗೆ ಸಣ್ಣವನಿದ್ದಾಗ ಚೇಳು ಕಡಿದು, ನಮ್ಮಜ್ಜಿ ದಿನವಿಡೀ ಅವನನ್ನು ಕಂಬಕ್ಕೆ ಒರಗಿಸಿ ಕೂರಿಸಿ, ಕಣ್ಣು ಮುಚ್ಚಿದಾಗೆಲ್ಲ ಕಿವಿ ಹಿಂಡಿದ್ದಳಂತೆ. ನಮ್ಮ ಮನೆಯಲ್ಲಿ ಅದೊಂದು ನಗೆಯ ಕಥೆ. ನೂರು ಸಲ ಕೇಳಿದ್ದೇನೆ. ಕಾಲೇಜಿನಲ್ಲಿ ನನ್ನ ಜೊತೆ ಓದಿದ ಮರಾಠಿ ಹುಡುಗಿಯರಿಗೆ ಹೇಳಿ ನಗಿಸಿದ್ದೇನೆ ಕೂಡ. ಹಾಗಿದ್ದೂ ಆ ಮುದುಕಿ ಮೊಮ್ಮಗಳ ಮಂಚದ ಕಡೆ ಹೋದಾಗ ನನಗೆ ಅದು ನೆನಪಾಗಲಿಲ್ಲ. ಫಾರ್ಮಿನಲ್ಲಿ ಕಡಿದ ಹೊತ್ತು, ಬಂದ ಹೊತ್ತು, ಮಾತ್ರೆ ಕೊಟ್ಟ ಹೊತ್ತು ಬರೆಯುತ್ತಿದ್ದೆ, ದುಂಡಗಿನ ಅಕ್ಷರದಲ್ಲಿ.

ಅರ್ಧ ತಾಸಿಗೊಮ್ಮೆ ರಕ್ತದೊತ್ತಡ ನೋಡಬೇಕಿತ್ತು. ನೋಡಲು ಎದ್ದು ಹೋದರೆ ಅಜ್ಜಿ ಮಂಚದ ಮೇಲೆ ಕೂತು ಹುಡುಗಿಯನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡಿದ್ದಳು. ಒಂದು ಕೈಯಲ್ಲಿ ಎದೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕಣ್ಣಿಗೆ ನೀರು ಚಿಮುಕಿಸಿ ಕೆನ್ನೆ ತಟ್ಟುತ್ತಿದ್ದಳು.

"ಕಣ್ಣ ತೆರಿ ನನ್ನವ್ವ, ಮಲಗಬ್ಯಾಡ. ಮಲಗಿದ್ರ ಏರತದ. ಕಣ್ಣ ತೆರಿ."

ಹುಡುಗಿಯ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಿತ್ತುಕೊಂಡ ಹಾಗೆ ಅವಳನ್ನು ಎತ್ತಿ ಮಲಗಿಸಿದೆ, ಕಾಲ ಕೆಳಗೆ ದಿಂಬಿಟ್ಟೆ, ಕೈಗೆ ಯಂತ್ರದ ಪಟ್ಟಿ ಸುತ್ತಿದೆ. ಒತ್ತಡ ಸಿಗಲಿಲ್ಲ. ಸಲೈನ್ ಹಾಕಿದರೆ ಮೊದಲೇ ನೀರು ತುಂಬುತ್ತಿದ್ದ ಶ್ವಾಸಕೋಶ ಇನ್ನಷ್ಟು ತುಂಬುತ್ತದೆ, ಹಾಕದಿದ್ದರೆ ಹೃದಯ ನಿಲ್ಲುತ್ತದೆ. ನನಗೆ ಈ ಸಂಶೋಧನೆ ಕಲಿಸಿಕೊಡುತ್ತಿದ್ದ ಹಿರಿಯ ಡಾಕ್ಟರು, ನಾವೆಲ್ಲ ಸರ್ ಎನ್ನುತ್ತಿದ್ದವರು, ಓಡಿ ಬಂದು ತಮಗೆ ಗೊತ್ತಿದ್ದನ್ನೆಲ್ಲ ಮಾಡಿದರು. ಒಮ್ಮೆ ನಾಡಿ ಸಿಕ್ಕಿತು. ಹುಡುಗಿ "ನೀರ" ಎಂದಳು. ಆಮೇಲೆ ಕೆಂಪು ನೊರೆ ಬರತೊಡಗಿತು. ಸಂಜೆ ಐದು ಗಂಟೆಯೊಳಗೆ ಮುಗಿಯಿತು.

ತಾಯಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಅಜ್ಜಿ ಅಳಲಿಲ್ಲ. ನನ್ನ ಮುಂದೆ ಬಂದು ನಿಂತು ಹೇಳಿದಳು:

"ನಾ ಎಬ್ಬಿಸಿ ಕೂಡಿಸಿದ್ನಿ ಡಾಕ್ಟರ ಬಾಯಾರ. ನೀವು ಕಸಗೊಂಡು ಮಲಗಿಸಿದ್ರಿ. ನೀವು ಮಲಗಿಸಿದ ಮ್ಯಾಲ ಏರಿತು."

ನೀನು ಕೂಡಿಸಿದ್ದೇ ಕೆಟ್ಟಿತು ಎಂದು ಆ ಹೊತ್ತಿನಲ್ಲಿ ಆಕೆಗೆ ಹೇಗೆ ಹೇಳುವುದು? ಉಳಿದ ಆಯುಷ್ಯವೆಲ್ಲ ಆ ಮಾತನ್ನು ಆಕೆ ಹೊತ್ತು ತಿರುಗಬೇಕೆ? ಬೈದುಕೊಂಡರೆ ನನ್ನನ್ನೇ ಬೈದುಕೊಳ್ಳಲಿ, ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇನೆ ಎಂದುಕೊಂಡೆ. ಇದು ಕರುಣೆ ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ಕರುಣೆಯಿತ್ತು. ಇನ್ನರ್ಧ ಹೆದರಿಕೆ. ಕೂಡಿಸಬಾರದು ಎಂದು ನಮಗ್ಯಾಕೆ ಹೇಳಲಿಲ್ಲ ಎಂದು ಆಕೆ ಎಲ್ಲಿ ಕೇಳಿಬಿಡುತ್ತಾಳೋ ಎಂದು.

ಮರುದಿನ ಸರ್ ಫಾರ್ಮು ನೋಡಿದರು. ಅವರು ಕೆಟ್ಟವರಲ್ಲ. ಕೂರಿಸದಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ ಯಾರಿಗೆ ಗೊತ್ತು, ಬಂದದ್ದೇ ತಡವಾಗಿತ್ತು ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದರು. ಆಮೇಲೆ, ನಿಯಮ ಪಾಲನೆಯಾಗದ ಕಾರಣ ಈ ಕೇಸನ್ನು ಅಧ್ಯಯನದಿಂದ ತೆಗೆಯಬೇಕು, ಕಾರಣ ಬರೆ ಎಂದರು. ಸಂಬಂಧಿಕರು ಸೂಚನೆ ಪಾಲಿಸಲಿಲ್ಲ ಎಂದು ಬರೆದು ಸಹಿ ಹಾಕಿದೆ. ಮುಂದೆ ಅಚ್ಚಾದ ನಮ್ಮ ಲೇಖನದಲ್ಲಿ ಆ ಹುಡುಗಿ ಇಲ್ಲ. ಸತ್ತವರ ಲೆಕ್ಕದಲ್ಲೂ ಇಲ್ಲ. ನನ್ನ ಹೆಸರು ಮಾತ್ರ ಇದೆ, ಮೂರನೆಯದಾಗಿ. ನಮ್ಮಪ್ಪ ಅದನ್ನು ಅಂಗಡಿಗೆ ಒಯ್ದು ಎಲ್ಲರಿಗೂ ತೋರಿಸಿ ಬಂದರು.

ಆ ಸಾವಿನ ನಂತರ ಆ ಶೆಡ್ಡುಗಳಿಂದ ಒಬ್ಬರೂ ಬರಲಿಲ್ಲ. ಚೇಳಿಗೆ ಅದೇ ಹಂಗಾಮು, ಬೇರೆ ಕಡೆಗಳಿಂದ ರೋಗಿಗಳು ಬರುತ್ತಲೇ ಇದ್ದರು. ಸುಮಾರು ಒಂದು ತಿಂಗಳಾಗಿರಬೇಕು. ಹುಡುಗಿಯ ತಾಯಿ ಮೈಗೆ ಹುಷಾರಿಲ್ಲವೆಂದು ಹೊರರೋಗಿ ವಿಭಾಗಕ್ಕೆ ಬಂದವಳು ಕಾರಿಡಾರಿನಲ್ಲಿ ಎದುರಾದಳು. ನಿಮ್ಮ ಕಡೆ ಯಾರಿಗೂ ಕಡಿದಿಲ್ಲವೇ ಎಂದು ಕೇಳಿದೆ.

"ಕಡದಿತ್ರಿ. ಬಾಜೂ ಶೆಡ್ಡಿನ ಕೂಸಿಗೆ. ಹೋದ ವಾರ."

"ಯಾಕ ಕರಕೊಂಡು ಬರಲಿಲ್ಲ?"

ಅವಳು ನೆಲ ನೋಡಿದಳು. "ದವಾಖಾನ್ಯಾಗ ಮಲಗಿಸಿ ಕೊಲ್ಲತಾರ ಅಂತ ಅತ್ತಿ ಎಲ್ಲಾರಿಗೂ ಹೇಳ್ಯಾಳ್ರಿ. ಕೂಸಿನ್ನ ದಿನಾಪೂರ್ತಿ ಕೂಡಿಸಿಕೊಂಡ ಇದ್ರು. ಸಂಜಿಗೆ ಹೋತ್ರಿ."

ಆ ಕೂಸಿನ ಸಾವಿಗೆ ನಾನು ಫಾರ್ಮು ಕೂಡ ತುಂಬಿರಲಿಲ್ಲ.

ವಾರದ ಸಂತೆಯ ದಿನ ಅವರಿಗೆಲ್ಲ ಕೆಲಸಕ್ಕೆ ರಜೆ. ಅವತ್ತು ಅವರ ಶೆಡ್ಡುಗಳಿಗೆ ಹೋದೆ. ಅಜ್ಜಿ ಶೆಡ್ಡಿನ ಮುಂದೆ ಕೂತು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಟ್ಟಳು, ಕೂಡ್ರಿ ಎನ್ನಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ನಯವಾದ ಮಾತುಗಳೆಲ್ಲ ಅಲ್ಲಿ ಹಾರಿಹೋದವು.

"ಆಯಿ, ಹುಡುಗಿ ಮಲಗಿದ್ದಕ್ಕ ಸತ್ತಿಲ್ರಿ. ಆ ಗುಳಗಿ ಕೊಟ್ಟ ಮ್ಯಾಲ ಮೂರು ತಾಸು ಮಲಗಿಸೇ ಇಡಬೇಕು. ಕೂಡಿಸಿದ್ರ ರಕ್ತ ಎಲ್ಲಾ ಕಾಲಿಗೆ ಇಳೀತದ. ನೀವು ಕೂಡಿಸಿದ್ರಿ."

ಆಕೆ ನನ್ನ ಮುಖ ನೋಡಿದಳು.

"ನಾ ಕೂಡಿಸಿದ್ದಕ್ಕ?"

"ಅದೊಂದರಿಂದನ ಅಂತ ಹೇಳಾಕ ಬರಂಗಿಲ್ರಿ. ಆದ್ರ ಅದರಿಂದ ಕೆಟ್ಟಾತು."

ಇದರ ಮುಂದಿನ ಮಾತು, ನಾನು ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ ಎಂಬುದು, ನನ್ನ ಬಾಯಿಂದ ಹೊರಡಲಿಲ್ಲ. ನಾನು ಒಂದು ತಿಂಗಳು ತಡೆದು ತಂದ ಸತ್ಯದಲ್ಲಿ ಆಕೆಯ ಪಾಲು ಮಾತ್ರ ಇತ್ತು, ನನ್ನದು ಇರಲಿಲ್ಲ.

ಆಕೆ ಕೂಗಾಡಲಿಲ್ಲ. ಸಿಮೆಂಟಿನಲ್ಲಿ ಒಡೆದ ಆ ಎರಡು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಮೊಣಕಾಲ ಮೇಲೆ ಕೈಯೂರಿ ಎದ್ದು, ನೆಟ್ಟಗೆ ಪಕ್ಕದ ಶೆಡ್ಡಿಗೆ ನಡೆದಳು. ಕೂಸು ಕಳೆದುಕೊಂಡವರದ್ದು ಅದೇ ಶೆಡ್ಡು. ನಾನು ಹಿಂದೆ ಹೋದೆ. ಬಾಗಿಲಲ್ಲಿ ನಿಂತಿದ್ದ ಹೆಂಗಸಿನ ಮುಂದೆ ಆಕೆ ನೆಲಕ್ಕೆ ಕೂತುಬಿಟ್ಟಳು.

"ನಂದು ತಪ್ಪಾತವ್ವಾ. ನಾ ಕೂಡಿಸಿದ್ದಕ್ಕ ನಮ್ಮ ಹುಡುಗಿ ಸತ್ತಳು. ನಿನಗೂ ಅದನ್ನ ಹೇಳಿದ್ನಿ, ನಿನ್ನ ಕೂಸೂ ಹೋತು."

ಅಷ್ಟರಲ್ಲಿ ಸುತ್ತಲಿನವರು ನಾಲ್ಕೈದು ಮಂದಿ ಸೇರಿದರು. ಅವರಲ್ಲಿ ಒಬ್ಬಳು ನನ್ನ ಕಡೆ ಬೆರಳು ತೋರಿಸಿ ಜೋರಾಗಿ ಕೇಳಿದಳು, "ಮತ್ತ ಈ ಬಾಯಾರು ಅವತ್ತ ನಿನಗ ಹೇಳಲಿಲ್ಲೇನು, ಕೂಡಿಸಬ್ಯಾಡ ಅಂತ?"

ಮುದುಕಿ ನನ್ನ ಕಡೆ ತಿರುಗಿ ನೋಡಲಿಲ್ಲ. "ಹೇಳಿದ್ರು. ನಾನ ಕೇಳಲಿಲ್ಲ" ಎಂದಳು. "ಇನ್ನ ಯಾರಿಗಾದ್ರೂ ಕಡದ್ರ ಮಂತ್ರಕ್ಕ ಹೋಗಬ್ಯಾಡ್ರಿ. ಇವರ ಕಡೆ ಒಯ್ಯಿರಿ. ಇವರು ಹೇಳಿದಂಗ ಮಲಗಸ್ರಿ."

ಅಲ್ಲಿಂದ ಎದ್ದು ಮುಂದಿನ ಶೆಡ್ಡಿಗೆ ಹೋದಳು, ಅದರ ಮುಂದಿನದಕ್ಕೆ ಹೋದಳು. ಎಲ್ಲ ಕಡೆಯೂ ಅದನ್ನೇ, ಬಾಯಾರು ಹೇಳಿದ್ರು, ನಾನ ಕೇಳಲಿಲ್ಲ ಎಂದೇ ಹೇಳಿದಳು. ನಾನು ಆಕೆಯ ಪಕ್ಕದಲ್ಲಿ ನಿಂತು, ಹೌದು ಎಂದು ತಲೆಯಾಡಿಸಿದೆ.