ರೇಡಿಯೋದಲ್ಲಿ ಅಪ್ಪನ ‘ಚಿನ್ನಾ’

ನಿನ್ನೆ ಮದುವೆಮನೆಯ ಸ್ಪೀಕರಿನಲ್ಲಿ ಆ ಹಾಡು ಬಂದದ್ದೇ ತಡ, ನನ್ನ ಮೂಗಿಗೆ ನಮ್ಮ ಬಿಳಿಗೆರೆ ಮನೆಯ ಕೊಬ್ಬರಿ ಅಟ್ಟದ ವಾಸನೆ ಅಡರಿತು.

ಆಗ ನಾನು ಚಿಕ್ಕವಳು. ಅಮ್ಮ ಕೊಬ್ಬರಿ ಚಿಪ್ಪು ಒಡೆಯುತ್ತಾ ರೇಡಿಯೋ ಕೇಳುತ್ತಿದ್ದಳು. ವಾರದ ಟಾಪ್ ಟೆನ್‌ನಲ್ಲಿ ಮೊದಲ ಸ್ಥಾನಕ್ಕೆ ಬಂದ ಹೊಸ ಪ್ರೇಮಗೀತೆ ಶುರುವಾಯಿತು. ಗಂಡು ದನಿ “ಚಿನ್ನಾ” ಎಂದು ಎಳೆದಾಗ ಅಮ್ಮನ ಕೈಯಿಂದ ಮಚ್ಚು ಜಾರಿತು.

“ಇದು ನಿಮ್ಮಪ್ಪನ ದನಿ ಕಣೇ!”

ಹಿಂದೆಯೇ ಹೆಣ್ಣು ದನಿ ಬಂತು. ಅಯ್ಯೋ ದೇವರೇ, ಅದು ಅಪ್ಪನ ಸ್ವಂತ ತಂಗಿ, ನಮ್ಮ ಸೋದರತ್ತೆ! ಅಣ್ಣತಂಗಿ ಪ್ರೇಮಗೀತೆ ಹಾಡುವುದೇ? ಕೆಲವು ತಿಂಗಳ ಹಿಂದೆ ದೇವರನಾಮದ ಕ್ಯಾಸೆಟ್ಟಿಗೆ ಹಾಡಲು ಸ್ಟುಡಿಯೋಗೆ ಹೋಗಿದ್ದವರಲ್ಲವೇ ಇಬ್ಬರೂ?

ತೋಟದಿಂದ ಬಂದ ಅಪ್ಪ ಕಂಬ ಹಿಡಿದು ನಿಂತರು.

“ಈ ಹಾಡು ಹಾಡ್ಬೇಕಾದೋರು ಕೈಕೊಟ್ರು, ನೀವೇ ಹಾಡಿ ಅಂತ ಸ್ಟುಡಿಯೋದೋರು ಗೋಗರೆದ್ರು ಕಣೇ. ಹೆಸ್ರು ಹಾಕಲ್ಲ ಅಂದ್ರು. ನಾನು ಈ ಗೋಡೆ, ಅವ್ಳು ಆ ಗೋಡೆ ನೋಡ್ಕಂಡು ಹಾಡುದ್ವಿ.”

“ನನ್ನ ಒಂದಿನಾನಾದ್ರೂ ಚಿನ್ನಾ ಅಂತ ಕರ್ದಿದೀರಾ?” ಎಂದ ಅಮ್ಮ ರೇಡಿಯೋ ಮಾತ್ರ ಆರಿಸಲಿಲ್ಲ.

ನಿನ್ನೆ ಮದುಮಕ್ಕಳು ಅದೇ ಹಾಡಿಗೆ ಕುಣಿದರು. ಮುಂದಿನ ಸಾಲಿನಲ್ಲಿ ಅಕ್ಕಪಕ್ಕ ಕೂತಿದ್ದ ಅಪ್ಪ ಮತ್ತು ಅತ್ತೆ, ಕುರ್ಚಿ ಸಮೇತ ಒಬ್ಬೊಬ್ಬರು ಒಂದೊಂದು ಗೋಡೆಯ ಕಡೆ ತಿರುಗಿದರು.