ತಡೆಹಿಡಿದ ಖಾತೆ

ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಜಾತಿ ಪ್ರಮಾಣಪತ್ರ, ಪಹಣಿ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ತುಂಬಿಕೊಡುತ್ತೇನೆ. ಫೋನಿನಲ್ಲಿ ದುಡ್ಡು ಕಳಿಸುವ ಕಾಲ ಬಂದಾಗ ಸುತ್ತಲಿನ ಎಷ್ಟೋ ಜನರಿಗೆ ಅದನ್ನು ಕಲಿಸಿದವಳೂ ನಾನೇ. “ಪಿನ್ ಯಾರ್ಗೂ ಹೇಳ್ಬೇಡಿ. ದುಡ್ಡು ಬರೋಕೆ ಪಿನ್ ಒತ್ತೋದೇ ಬ್ಯಾಡ. ಬ್ಯಾಂಕಿಂದ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಸುಮ್ನೆ ಇಟ್ಬಿಡಿ” ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ನನ್ನ ಮಾತು ಕೇಳಿ ಮೋಸದಿಂದ ಪಾರಾದವರೂ ಇದ್ದಾರೆ. ಅದರ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು.

ನಮ್ಮಲ್ಲಿರುವುದು ಒಂದೇ ಎಟಿಎಂ. ಅದರಲ್ಲಿ ಕೆಲವು ಸಲ ದುಡ್ಡಿರುವುದಿಲ್ಲ. ಇದ್ದರೂ ಎಷ್ಟೋ ಜನರ ಕಾರ್ಡಿಗೆ ದಿನಕ್ಕೆ ಹತ್ತು ಸಾವಿರದ ಮಿತಿ. ಹಾಗಾಗಿ ಗುರುತಿನವರು ನನ್ನ ಖಾತೆಗೆ ಫೋನಿನಿಂದ ಹಾಕಿ ನನ್ನಿಂದ ನಗದು ಪಡೆಯುತ್ತಿದ್ದರು. ಸಾವಿರಕ್ಕೆ ಹತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಗುರುತಿಲ್ಲದವರಿಗೆ ಮಾತ್ರ ಕೊಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹಾಸನದ ಕಡೆಯ ಬಸ್ಸಿನಿಂದ ಇಳಿದವನೊಬ್ಬ ಅಂಗಡಿಗೆ ಬಂದ. ನಲವತ್ತರ ಆಸುಪಾಸಿನವನು, ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

“ಮೇಡಂ, ನಮ್ಮಣ್ಣ ಆಸ್ಪತ್ರೇಲಿ ತೀರಿಕೊಂಡ. ಊರಿಗೆ ತಗೊಂಡು ಹೋಗೋಕೆ ಆಂಬುಲೆನ್ಸ್‌ನವರು ನಗದೇ ಬೇಕು ಅಂತಾರೆ. ನನ್ನ ಕಾರ್ಡಿನ ಇವತ್ತಿನ ಲಿಮಿಟ್ ಮುಗಿದೋಗಿದೆ. ನಿಮಗೆ ಒಂಬತ್ತು ಸಾವಿರ ಹಾಕ್ತೀನಿ, ಕ್ಯಾಶ್ ಕೊಡ್ತೀರಾ?”

ಆಗೋಲ್ಲ ಎಂದೆ. ಅವನು ವಾದ ಮಾಡಲಿಲ್ಲ. ಎದುರಿನ ಕಟ್ಟೆಯ ಮೇಲೆ ಹೋಗಿ ತಲೆಗೆ ಕೈಕೊಟ್ಟು ಕೂತ. ಅಂಗಡಿಯ ಮೂಲೆಯಲ್ಲಿ ಕೂತು ಕಾಕಡ ಹೂ ಕಟ್ಟುತ್ತಿದ್ದ ಅಮ್ಮ ಅದನ್ನು ನೋಡಿ, “ಸಾವಿನ ಮನೆಯೋನು ಕಣೇ. ಕೊಟ್ಟು ಕಳ್ಸು” ಎಂದಳು. ನಾನೇ ಅವನನ್ನು ಕರೆದೆ. ದುಡ್ಡು ನನ್ನ ಖಾತೆಗೆ ಬಂದದ್ದನ್ನು ಎರಡು ಸಲ ನೋಡಿ ಖಚಿತಪಡಿಸಿಕೊಂಡೆ. ಒಂಬತ್ತು ಸಾವಿರ ಎಣಿಸಿ ಕೊಟ್ಟೆ. ಕಮಿಷನ್ ಬೇಡವೆಂದೆ. ಅವನು ಕೈಮುಗಿದು ಅರಸೀಕೆರೆ ಬಸ್ಸು ಹತ್ತಿದ.

ಎಂಟು ದಿನದ ನಂತರ ಬೆಳಗ್ಗೆ ಅಮ್ಮ ಹಾಸಿಗೆಯಿಂದ ಏಳಲೇ ಇಲ್ಲ. “ಬಲಗಣ್ಣಿಗೆ ಯಾರೋ ಕರೀ ಪರದೆ ಬಿಟ್ಟಂಗೆ ಆಗೈತೆ ಕಣೇ” ಎಂದಳು. ಅವಳ ಎಡಗಣ್ಣು ಮೊದಲಿನಿಂದಲೂ ಮಂಜು. ಎದುರು ನಿಂತವರ ನೆರಳು ಕಾಣುತ್ತಿತ್ತು, ಅಷ್ಟೇ. ಹೂ ಕಟ್ಟುತ್ತಿದ್ದದ್ದು, ಬೀದಿಯಲ್ಲಿ ನಡೆಯುತ್ತಿದ್ದದ್ದು ಬಲಗಣ್ಣಿನ ಬಲದಿಂದ. ಹಾಸನಕ್ಕೆ ಕರೆದೊಯ್ದೆ. ಕಣ್ಣಿನ ಹಿಂದಿನ ಪರೆ ಕಳಚಿಕೊಳ್ಳುತ್ತಿದೆ ಎಂದರು ಡಾಕ್ಟರು. “ಮೈಸೂರಿಗೆ ಹೋಗಿ. ಎರಡು ಮೂರು ದಿನದೊಳಗೆ ಆಪರೇಷನ್ ಆಗ್ಬೇಕು. ತಡ ಮಾಡಿದ್ರೆ ನಮ್ಮ ಕೈಲಿ ಏನೂ ಇರಲ್ಲ.” ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಸರದಿ ಬರುವುದಕ್ಕೆ ಎರಡು ವಾರವಾಗುತ್ತದೆ ಎಂದರು. ಮೈಸೂರಿನ ಖಾಸಗಿ ಆಸ್ಪತ್ರೆಯಲ್ಲಿ ಅರವತ್ತೈದು ಸಾವಿರ. ನನಗೆ ಗಾಬರಿಯಾಗಲಿಲ್ಲ. ಖಾತೆಯಲ್ಲಿ ಎಂಬತ್ತು ಸಾವಿರದಷ್ಟಿತ್ತು.

ಮುಂಗಡ ಕಟ್ಟಲು ಫೋನು ತೆಗೆದೆ. ಹೋಗಲಿಲ್ಲ. ಪಿನ್ ತಪ್ಪಿರಬೇಕೆಂದು ಮತ್ತೆ ಒತ್ತಿದೆ. ಆಗಲೂ ಹೋಗಲಿಲ್ಲ. ಎಟಿಎಂ ಕೂಡ ಕಾರ್ಡನ್ನು ಹಿಂದಕ್ಕೆ ತಳ್ಳಿತು.

ಅಮ್ಮನನ್ನು ಮನೆಯಲ್ಲಿ ಮಲಗಿಸಿ ಅರಸೀಕೆರೆಯ ಬ್ಯಾಂಕಿಗೆ ಓಡಿದೆ. ಮ್ಯಾನೇಜರ್ ಕಂಪ್ಯೂಟರ್ ನೋಡಿ ನಿಟ್ಟುಸಿರು ಬಿಟ್ಟರು. ಬೇರೆ ರಾಜ್ಯದಲ್ಲಿ ಯಾರಿಗೋ ಮೋಸ ಮಾಡಿ ಹೊಡೆದ ದುಡ್ಡು ಐದಾರು ಖಾತೆ ದಾಟಿ, ಅದರಲ್ಲಿ ಒಂಬತ್ತು ಸಾವಿರ ನನ್ನ ಖಾತೆಗೂ ಬಂದಿತ್ತು. ಅಲ್ಲಿನ ಸೈಬರ್ ಪೊಲೀಸರು ಆ ಎಲ್ಲ ಖಾತೆಗಳಿಗೂ ತಡೆ ಹಾಕಿಸಿದ್ದರು.

“ಆ ಒಂಬತ್ತು ಸಾವಿರ ಹಿಡ್ಕೊಳ್ಳಿ ಸಾರ್. ಮಿಕ್ಕಿದ್ದು ಕೊಡಿ. ನಮ್ಮಮ್ಮನ ಕಣ್ಣು ಹೋಗುತ್ತೆ.”

“ನಮ್ಮ ಕೈಲಿಲ್ಲಮ್ಮ. ಇಡೀ ಖಾತೆ ನಿಲ್ಸಿ ಅಂತ ಬಂದಿದೆ. ಅವರೇ ಪತ್ರ ಕೊಡ್ಬೇಕು.”

ಅವರು ಕೊಟ್ಟ ನಂಬರಿಗೆ ಫೋನು ಮಾಡಿದೆ. ಎತ್ತಿದವರ ಭಾಷೆ ನನಗೆ ತಿಳಿಯದು, ನನ್ನದು ಅವರಿಗೆ ತಿಳಿಯದು. ಸ್ಟೇಷನ್ನಿಗೆ ಹೋದೆ. ಅಲ್ಲಿದ್ದ ಪೊಲೀಸರು ಎಲ್ಲವನ್ನೂ ಕೇಳಿಸಿಕೊಂಡು, “ಕಮಿಷನ್ ಎಷ್ಟು ತಗೊಂಡ್ರಿ?” ಎಂದರು.

“ಏನೂ ತಗೊಳ್ಳಿಲ್ಲ ಸಾರ್.”

“ಊರೋರ ಹತ್ರ ತಗೊಳ್ತೀರಿ, ಗುರುತಿಲ್ದೋನಿಗೆ ಸುಮ್ನೆ ಕೊಟ್ರಾ? ಇದನ್ನ ಯಾರು ನಂಬ್ತಾರೆ ಹೇಳಿ.”

ತೊಂಬತ್ತು ರೂಪಾಯಿ ತೆಗೆದುಕೊಂಡಿದ್ದರೆ ನನ್ನ ಮಾತು ನಂಬುವಂತಿರುತ್ತಿತ್ತೇನೋ.

ಸಾಲ ಕೇಳಲು ಹೊರಟೆ. ಜನ ಕೆಟ್ಟವರಲ್ಲ. ಆದರೆ ನನ್ನ ಖಾತೆಯ ಸುದ್ದಿ ನನಗಿಂತ ಮೊದಲೇ ಊರು ಸುತ್ತಿತ್ತು. ಪಕ್ಕದ ಬೇಕರಿಯವರು ಗಲ್ಲಾಪೆಟ್ಟಿಗೆಯ ಹತ್ತಿರ ನಿಂತು ದನಿ ತಗ್ಗಿಸಿದರು. “ಅಕ್ಕಾ, ಹೋದ ವಾರ ನೀವು ನಂಗೆ ಫೋನಲ್ಲಿ ದುಡ್ಡು ಹಾಕಿದ್ರಲ್ಲ, ನಂದೂ ನಿಲ್ಲಿಸ್ಬಿಡ್ತಾರಾ?” ಅವರ ಮುಖದಲ್ಲಿದ್ದ ಹೆದರಿಕೆ ನಿಜವಾದದ್ದು. ಎಲ್ಲಿ ಕಳಿಸಿದರೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಎಂದು ಆಸ್ಪತ್ರೆಗೆ ನೇರವಾಗಿ ಹಾಕುವುದಕ್ಕೂ ಯಾರೂ ಮುಂದಾಗಲಿಲ್ಲ. ಫೋನಿನ ವ್ಯವಹಾರಕ್ಕೆ ಹೆದರಬೇಕೆಂದು ಅವರಿಗೆಲ್ಲ ಕಲಿಸಿದವಳು ನಾನೇ ತಾನೇ. ನಗದಾದರೆ ಕೊಡುತ್ತೇವೆ ಎಂದರು. ಬೇಕರಿಯವರು ತಮ್ಮ ಕಾರ್ಡಿನಿಂದ ಹತ್ತು ಸಾವಿರ ತೆಗೆದುಕೊಟ್ಟರು; ಆ ದಿನದ ಮಿತಿ ಅಲ್ಲಿಗೆ ಮುಗಿಯಿತು. ಮಾರನೆಯ ದಿನ ಮತ್ತೆ ಹತ್ತು. ಅದರ ಮಾರನೆಯ ದಿನ ಭಾನುವಾರ, ಎಟಿಎಂ ಖಾಲಿ. ಸೋಮವಾರ ನಮ್ಮ ಮಹಿಳಾ ಸಂಘದವರು ಸಭೆ ಸೇರಿ ಇಪ್ಪತ್ತು ಸಾವಿರ ಕೊಡಲು ಒಪ್ಪಿದರು; ಅದು ಕೈಗೆ ಬಂದದ್ದು ಬುಧವಾರ. ಮಿಕ್ಕಿದ್ದಕ್ಕೆ ನನ್ನ ಓಲೆ ಅಡವಿಟ್ಟೆ. ಅರವತ್ತೈದು ಸಾವಿರ ಕೂಡುವಷ್ಟರಲ್ಲಿ ಏಳು ದಿನ ಕಳೆದಿತ್ತು. ಪ್ರತಿ ಸಂಜೆ ಅಮ್ಮ ಅಂಗೈಯನ್ನು ಬಲಗಣ್ಣಿನ ಮುಂದೆ ಹಿಡಿದು ಬೆರಳಾಡಿಸುತ್ತಿದ್ದಳು. ಮೊದಲೆರಡು ದಿನ ಬೆರಳು ಎಣಿಸಿದಳು. ಆಮೇಲೆ ಬೆಳಕಿದೆ ಎನ್ನುತ್ತಿದ್ದಳು. ಕಡೆಗೆ ಅದನ್ನೂ ಹೇಳಲಿಲ್ಲ.

ಮೈಸೂರಿನಲ್ಲಿ ಆಪರೇಷನ್ ಮಾಡಿದರು. ಪಟ್ಟಿ ಬಿಚ್ಚಿದ ಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದು, “ಮೊದಲ ದಿನವೇ ಬಂದಿದ್ರೆ ಉಳಿಸ್ಬಹುದಿತ್ತು. ಇನ್ನು ಆಸೆ ಇಟ್ಕೋಬೇಡಿ” ಎಂದರು. ಒಳಗೆ ಬಂದು ಅಮ್ಮನಿಗೆ, “ಇನ್ನೊಂದು ಸಲ ಮಾಡಬೇಕಂತೆ, ದುಡ್ಡು ಹೊಂದಿಸ್ಕೊಂಡು ಬರೋಣ” ಎಂದೆ. ಆ ಹೊತ್ತಿಗೆ ನನ್ನ ಬಾಯಿಗೆ ಬಂದದ್ದು ಅದೊಂದೇ ಸುಳ್ಳು.

ಆ ಮನುಷ್ಯ ಕಳ್ಳನೋ, ಇಲ್ಲಾ ನನ್ನ ಹಾಗೆ ಯಾರದೋ ದುಡ್ಡು ಪಡೆದು ಸಿಕ್ಕಿಬಿದ್ದವನೋ ಇಂದಿಗೂ ಗೊತ್ತಿಲ್ಲ. ಅವನ ಅಣ್ಣ ನಿಜಕ್ಕೂ ಸತ್ತಿದ್ದನೋ ಏನೋ. ಬೈಯುವುದಕ್ಕೂ ಖಚಿತವಾಗಿ ಒಬ್ಬರಿಲ್ಲ. ಈಗ ನಗದು ಕೊಡುವುದನ್ನು ಪೂರ್ತಿ ಬಿಟ್ಟಿದ್ದೇನೆ. ಅಂಗಡಿಗೆ ಒಂದು, ಉಳಿತಾಯಕ್ಕೆ ಇನ್ನೊಂದು ಖಾತೆ ಇಡಿ, ಒಂದಕ್ಕೆ ತಡೆ ಬಿದ್ದರೂ ಇನ್ನೊಂದು ಕೈಹಿಡಿಯಬಹುದು ಎಂದು ಬಂದವರಿಗೆಲ್ಲ ಹೇಳುತ್ತೇನೆ. ಇಷ್ಟು ಸಣ್ಣ ಸಂಗತಿ ನನಗೇ ಮೊದಲು ತೋಚಿರಲಿಲ್ಲ.

ವಕೀಲರಿಂದ ಪತ್ರ ಬರೆಸಿ, ಅರಸೀಕೆರೆಗೆ ಲೆಕ್ಕವಿಲ್ಲದಷ್ಟು ಸಲ ಅಲೆದು, ಏಳು ತಿಂಗಳಾದ ಮೇಲೆ ತಡೆ ತೆಗೆದರು. ಒಂಬತ್ತು ಸಾವಿರ ಕಳೆದು ಮಿಕ್ಕಿದ್ದೆಲ್ಲ ಇದ್ದ ಹಾಗೇ ಇತ್ತು. ಬೇಕರಿಯವರು ಸಂತೋಷ ತಡೆಯಲಾರದೆ ಮನೆಗೇ ಬಂದು ಅಮ್ಮನಿಗೆ ಸುದ್ದಿ ಹೇಳಿಬಿಟ್ಟಿದ್ದರು.

ನಾನು ಮನೆಗೆ ಬಂದಾಗ ಅಮ್ಮ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ಗೋಡೆಗೊರಗಿ ಕೂತಿದ್ದಳು.

“ದುಡ್ಡು ಬಂತಂತಲ್ಲೇ. ಮೈಸೂರಿಗೆ ಯಾವಾಗ ಹೋಗೋದು?”

“ಡಾಕ್ಟ್ರನ್ನ ಕೇಳ್ತೀನಮ್ಮ” ಎಂದೆ.

ಆ ವಾರ ಇನ್ನೆರಡು ಸಲ ಕೇಳಿದಳು. ನಾನು ಅದೇ ಮಾತು ಹೇಳಿದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು.